ಬುಧವಾರದ ತಲೆ ಎಣಿಕೆ

ಅಕ್ಟೋಬರಿನ ಮೊದಲ ಬುಧವಾರ
ನಮ್ಮ ಚಾರ್ಟರ್ ಶಾಲೆಯಲ್ಲಿ ಮಕ್ಕಳಿಗೆ ಬೆಲೆ ಕಟ್ಟುವ ದಿನ.
ಇವತ್ತು ಬಾಗಿಲು ದಾಟಿ ಬಂದ ತಲೆಗಳೇ ವರ್ಷವಿಡೀ
ಹೀಟರಿನ ಬಿಸಿ, ಸಂಗೀತದ ಮೇಷ್ಟ್ರು, ಮುರಿದ ಮೆಟ್ಟಿಲಿಗೆ ಸಿಮೆಂಟು.
ಅದಕ್ಕೇ ಪಿಜ್ಜಾದ ಆಸೆ ಹುಟ್ಟಿಸಿದ್ದೇವೆ,
ಅದಕ್ಕೇ ಪ್ರಿನ್ಸಿಪಾಲ್ ವಿಟ್ಲೋ ಬೆಳಗಿನ ಏಳಕ್ಕೆ
ಕೋಟಿಲ್ಲದೆ ಗೇಟಿನಲ್ಲಿ ನಿಂತು
ಮೂಗು ಸೋರುವವರನ್ನೂ ಒಳಗೆ ಬಿಡುತ್ತಿದ್ದಾರೆ.

ನಾನು ವರ್ಲೀನ್ ಟಬ್ಸ್.
ಡೆಟ್ರಾಯಿಟಿನ ಈ ಆಫೀಸು ಕಿಟಕಿಯ ಹಿಂದೆ ಹದಿನಾರು ವರ್ಷ.
ಕಟ್ಟಡ ಮೊದಲು ಪೋಲಿಷ್ ಪಾದ್ರಿಗಳದು;
ಗೋಡೆಯಿಂದ ಶಿಲುಬೆ ಕಿತ್ತ ಜಾಗ
ಎಷ್ಟು ಬಣ್ಣ ಬಳಿದರೂ ಕೊಂಚ ಬಿಳುಪು.
ಅದರ ಕೆಳಗೆ ನನ್ನ ಫೈಲುಗಳು:
ಮುನ್ನೂರ ತೊಂಬತ್ತೊಂದು ಮಕ್ಕಳು, ಅಕಾರಾದಿಯಲ್ಲಿ.

ಅರ್ಜಿಯಲ್ಲಿ ಜನಾಂಗಕ್ಕೆ ಮನೆಗಳಿವೆ,
ಸೀಮೆಸುಣ್ಣದಲ್ಲಿ ಗೀಚಿದ ಕುಂಟಾಬಿಲ್ಲೆಯ ಹಾಗೆ.
ಗೆರೆ ತುಳಿದರೆ ಔಟು.
ಆಗಸ್ಟಿನಲ್ಲಿ ಯೆಮನಿನ ತಾಯಿಯೊಬ್ಬಳು
ನಾಲ್ಕು ಮಕ್ಕಳ ನಾಲ್ಕು ಅರ್ಜಿ ಹಿಡಿದು ಕೇಳಿದಳು:
ನಾವು ಯಾವ ಮನೆ?
ಬಿಳಿಯರು, ಅಂದೆ. ನಿಯಮ ಹಾಗಿದೆ.
ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನ ಕೈ.
ನಗು ತಡೆಯಲಿಲ್ಲ ಇಬ್ಬರಿಗೂ,
ಅವಳ ಕಿರಿಯವನು ಸ್ಟೇಪ್ಲರಿಗೆ ಬಾಯಿ ಹಾಕುವ ತನಕ.

ಪುಕ್ಕಟೆ ಊಟದವರು ನೂರಕ್ಕೆ ತೊಂಬತ್ತನಾಲ್ಕು.
ಮನೆಯಲ್ಲಿ ಬೇರೆ ಮಾತಾಡುವವರು ಅರವತ್ತರ ಮೇಲೆ.
ಸಿಲೇಟಿ ಬೇರೆ, ಬಾಂಗ್ಲಾ ಬೇರೆ, ಒಂದೇ ಅಂತ ಬರೀಬೇಡಿ
ಎಂದು ಜಗಳಕ್ಕೇ ನಿಂತ, ರಾತ್ರಿಪಾಳಿ ಮುಗಿಸಿ ಬಂದ ಮುಸಬ್ಬಿರ್.
ನನ್ನಲ್ಲಿದ್ದದ್ದು ಒಂದೇ ಸಾಲು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.
ಅಂಚಿನಲ್ಲಿ ಬರೆದದ್ದನ್ನು ಲ್ಯಾನ್ಸಿಂಗಿನ ಕಂಪ್ಯೂಟರು ಓದುವುದಿಲ್ಲ.

ಹತ್ತು ಗಂಟೆಗೆ ಒಂದು ತಲೆ ಕಡಿಮೆ.
ಎರಡನೇ ಕ್ಲಾಸು, ಕಿಯಾಂಡ್ರೆ ಬ್ಯಾಟಲ್.
ವಿಳಾಸವಿರಬೇಕಾದಲ್ಲಿ ಮೋಟೆಲಿನ ಹೆಸರು, ರೂಮು ನಂಬರು ಎರಡು ಸಲ ಹೊಡೆದುಹಾಕಿದ್ದು.
ಫೋನಿನಲ್ಲಿ ಒಬ್ಬ ಹೆಂಗಸು, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ,
ಬೇಸರವೇ ಇಲ್ಲ ಅವಳಿಗೆ, ಆರು ಸಲ ಹೇಳಿದಳು.
ವಿಟ್ಲೋ ಎರಡು ಬಾರಿ ಬಂದು
ನನ್ನ ಮೇಜಿನ ಗಿಡಕ್ಕೆ ನೀರು ಹಾಕಿ ಹೋದರು.
ಅದು ಪ್ಲಾಸ್ಟಿಕ್ ಗಿಡ.

ಒಂದೂ ನಲವತ್ತಕ್ಕೆ ಬಂದ,
ಅಜ್ಜಿಯನ್ನು ಎಳೆದುಕೊಂಡು ಬಂದ ಅನ್ನಬೇಕು.
ಬಸ್ಸು ಬರಲಿಲ್ಲವಂತೆ. ಮೂರು ಮೈಲಿ.
ತೂತು ಬಿದ್ದ ಶೂ ಒಳಗೆ ಬ್ರೆಡ್ಡಿನ ಕವರು ಸುತ್ತಿದ ಪಾದ.
ಪಿಜ್ಜಾ ಮುಗೀತಾ? ಅಂದ.
ಡ್ರಾಯರಿನಲ್ಲಿ ಎರಡು ತುಂಡು ಮುಚ್ಚಿಟ್ಟಿದ್ದೆ.
ವಿಟ್ಲೋ ಕುಣಿದರು ಅಂತ ನಾನು ಹೇಳುವುದಿಲ್ಲ,
ಕಾರಿಡಾರಿನಲ್ಲಿ ಬೂಟಿನ ಸದ್ದು ಕೇಳಿಸಿತು, ಅಷ್ಟೇ.

ಮುಂದಿನ ಸೋಮವಾರ ಅಜ್ಜಿ ಒಬ್ಬಳೇ ಬಂದು
ಅವನ ಚೀಲ ಕೇಳಿದಳು.
ಟೊಲೆಡೋದಲ್ಲಿ ತಂಗಿಯ ಮನೆಯಂತೆ,
ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆಯಂತೆ.
ಒಳ್ಳೇದಾಯ್ತು ಅಂದೆ. ಬಾಯಿಮಾತಿಗಲ್ಲ.
ಅದೇ ಮಧ್ಯಾಹ್ನ ಕಾಯುವ ಪಟ್ಟಿಯ ಮೊದಲ ಹೆಸರಿಗೆ ಫೋನು:
ನುಸೈಬಾ, ಏಪ್ರಿಲಿನಲ್ಲಿ ಚೀಟಿ ಎತ್ತುವಾಗ
ಡಬ್ಬಿಯ ತಳದಲ್ಲಿ ಉಳಿದವಳು.
ಮಂಗಳವಾರ ಅವನ ಕೊಕ್ಕೆಗೇ ಕೋಟು ನೇತುಹಾಕಿದಳು.

ಅವನೀಗ ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಇವಳು ಆಟಕ್ಕುಂಟು,
ಹಣ ಮಾತ್ರ ಇವಳ ಹೆಸರಿನಲ್ಲಿ ಬರುವುದಿಲ್ಲ;
ಅವನ ತಲೆಯ ದುಡ್ಡಿನಲ್ಲಿ ಇವಳ ಪೆನ್ಸಿಲು.

ಟೊಲೆಡೋಗೆ ದಾಖಲೆ ಕಳಿಸಬೇಕಿತ್ತು.
ಡ್ರಾಯರು ಎಳೆದರೆ ಅವನ ಫಾರಮ್ಮಿನ ಮೇಲೆ ಪಿಜ್ಜಾದ ಎಣ್ಣೆ,
ಸರಿಯಾಗಿ ಮನೆ-ವಿಳಾಸದ ಮೇಲೆ, ಬೆಳಕು ತೂರುವಷ್ಟು.
ಹೊಸದು ತುಂಬಬಹುದಿತ್ತು. ತುಂಬಲಿಲ್ಲ.
ಹಾಗೇ ಮಡಿಸಿ ಅಂಟಿಸಿದೆ.
ಇದೆಂಥ ಕಲೆ ಎಂದು ಅಲ್ಲಿಯ ಗುಮಾಸ್ತೆ
ಇನ್ನೂ ಕೇಳಿಲ್ಲ.